ಎಡಬದಿ ಖಾಲಿಯಿದ್ದ ವಂಶವೃಕ್ಷ

ಜೀನ್ ಹೇಗೆ ಕೆಲಸ ಶುರುಮಾಡುತ್ತದೆ ಎಂಬುದನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಬ್ರಹ್ಮಾವರದಿಂದ ಬೈಂದೂರಿನವರೆಗೆ ಬೇರೆ ಯಾರೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇಲ್ಲವೇ ಇಲ್ಲ ಅಂತಲೂ ಹೇಳುವುದಿಲ್ಲ. ಬ್ರಹ್ಮಾವರದ ಹತ್ತಿರದ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜೀವಶಾಸ್ತ್ರ ಹೇಳುತ್ತಿದ್ದೇನೆ. ಬೀಜಾಡಿಯ ಮನೆಯಿಂದ ಏಳೂವರೆಗೆ ಹೊರಟು, ಕೋಟೇಶ್ವರದಲ್ಲಿ ಬಸ್ಸು ಹತ್ತಿದರೆ, ಸಾಲಿಗ್ರಾಮ ದಾಟುವ ಹೊತ್ತಿಗೆ ಆ ದಿನದ ಪಾಠ ಮನಸ್ಸಿನಲ್ಲಿ ಒಂದು ಸಲ ಆಗಿಹೋಗಿರುತ್ತದೆ.

ಪಠ್ಯಪುಸ್ತಕದಲ್ಲಿ ಆ ಭಾಗಕ್ಕೆ ಇರುವುದು ಒಂದೆರಡು ಪ್ಯಾರಾ, ಒಂದು ಚಿತ್ರ. ಚಿತ್ರದಲ್ಲಿ ಬಣ್ಣಬಣ್ಣದ ಉಂಡೆಗಳು ಒಂದು ದಾರದ ಮೇಲೆ ಕೂತಿರುತ್ತವೆ. ಮಕ್ಕಳು ಉಂಡೆಗಳ ಹೆಸರು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ, ಮರುದಿನ ಮರೆಯುತ್ತಾರೆ. ನನಗೆ ಅದು ಸೇರುವುದಿಲ್ಲ. ನಾನು ಪುಸ್ತಕ ಮುಚ್ಚಿಸಿ ಕೇಳುತ್ತೇನೆ: "ಕೈರಂಪಣಿ ಎಳೆಯುವುದನ್ನು ಯಾರ್ಯಾರು ಕಂಡಿದ್ದೀರಿ?" ಅರ್ಧ ತರಗತಿ ಕೈ ಎತ್ತುತ್ತದೆ. ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧ ಸುತ್ತು ಬಲೆ ಬಿಟ್ಟು, ಅದರ ಎರಡೂ ಹಗ್ಗವನ್ನು ದಡಕ್ಕೆ ತಂದು, ಊರವರೆಲ್ಲ ಸೇರಿ ಎಳೆಯುವ ಮೀನುಗಾರಿಕೆ ಅದು. ಒಬ್ಬ ಬಂದು ಹಗ್ಗ ಹಿಡಿದರೆ ಬಲೆ ಅಲ್ಲಾಡುವುದಿಲ್ಲ. ಹತ್ತು ಜನ ಬಂದರೂ ಆಗುವುದಿಲ್ಲ. ಬೇಕಾದಷ್ಟು ಕೈ ಸೇರಬೇಕು, ಕರೆಯುವವನು ಒಬ್ಬ ಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಎಳೆಯಬೇಕು.

ಜೀನ್ ಕೂಡ ಹಾಗೆಯೇ ಸುಮ್ಮನೆ ಬಿದ್ದುಕೊಂಡಿರುತ್ತದೆ. ಮೊದಲು ಒಂದು ಪ್ರೊಟೀನ್ ಬಂದು ಅದರ ಶುರುವಿನ ಜಾಗವನ್ನು ಗುರುತು ಹಿಡಿದು ಕೂರುತ್ತದೆ. ಕೂತು ಡಿಎನ್‌ಎ ದಾರವನ್ನು ಬಗ್ಗಿಸುತ್ತದೆ. ಆ ಬಗ್ಗಿದ ಜಾಗ ಕಂಡು ಇನ್ನೊಂದು ಬರುತ್ತದೆ, ಅದರ ಬೆನ್ನಿಗೆ ಮತ್ತೊಂದು. ಕೊನೆಗೆ ನಕಲು ತೆಗೆಯುವ ಯಂತ್ರವೇ ಬಂದು ಕೂತರೂ ಕೆಲಸ ಸರಿಯಾಗಿ ಹತ್ತಿಕೊಳ್ಳುವುದಿಲ್ಲ. ಅದೇ ದಾರದಲ್ಲಿ ಎಷ್ಟೋ ದೂರದಲ್ಲಿರುವ ಇನ್ನೊಂದು ಜಾಗದಿಂದ ಹೇಳಿಕೆ ಬರಬೇಕು. ಅಷ್ಟು ದೂರದಿಂದ ಹೇಗೆ ಬರುತ್ತದೆ ಅಂದರೆ, ದಾರ ಮಡಚಿಕೊಂಡು ಕುಣಿಕೆಯಾಗಿ, ದೂರದ ಜಾಗ ಹತ್ತಿರವೇ ಬಂದುಬಿಡುತ್ತದೆ. ನಡುವೆ ಪ್ರೊಟೀನುಗಳ ದೊಡ್ಡ ಗುಂಪೊಂದು ಸೇತುವೆಯ ಹಾಗೆ ನಿಂತು ಅಲ್ಲಿಯ ಮಾತನ್ನು ಇಲ್ಲಿಗೆ ದಾಟಿಸುತ್ತದೆ. ಆಗ ಜೀನಿನ ನಕಲು ಜೋರಾಗಿ ಹೊರಡುತ್ತದೆ. ಇಷ್ಟು ಹೇಳಿ ನಾನು ಬೋರ್ಡಿನಿಂದ ತಿರುಗಿದರೆ ಹಿಂದಿನ ಬೆಂಚಿನಲ್ಲಿ ಸಹ ಯಾರೂ ಮಲಗಿರುವುದಿಲ್ಲ.

ಇಂಥ ನಾನು, ಇದೇ ವಿಷಯದಲ್ಲಿ, ಇಡೀ ಮನೆಯ ಎದುರು ತಪ್ಪು ಹೇಳಿದೆ.

ನನ್ನ ತಮ್ಮ ಗಂಗೊಳ್ಳಿಯ ಬೋಟೊಂದರಲ್ಲಿ ಇಂಜಿನ್ ಡ್ರೈವರ್. ಅವನ ಹೆಂಡತಿಯ ತವರೂ ಗಂಗೊಳ್ಳಿಯೇ. ಬೀಜಾಡಿಯ ನಮ್ಮ ಮನೆಯಲ್ಲಿ ಅವರಿಬ್ಬರು, ಅವರ ಮಗಳು, ನಮ್ಮ ತಾಯಿಯ ಅಕ್ಕನಾದ ದೊಡ್ಡಮ್ಮ, ಮತ್ತೆ ನಾನು. ನಾನು ಮದುವೆಯಾಗಲಿಲ್ಲ, ಅದಕ್ಕೆ ಕಾರಣ ಕೇಳುವವರೂ ಈಗ ಉಳಿದಿಲ್ಲ. ಮಗು ಹುಟ್ಟುವಾಗಲೇ ಸಣ್ಣದು. ಹಾಲು ಕುಡಿಯಲು ಕಷ್ಟ, ಕುಡಿದದ್ದು ವಾಂತಿ. ಮೂರು ವರ್ಷವಾದರೂ ನಾಲ್ಕೈದು ಮಾತು ಮಾತ್ರ. ಕೈ ಪುಟ್ಟಪುಟ್ಟದು, ರೆಪ್ಪೆ ಉದ್ದ, ಎರಡು ಹುಬ್ಬು ನಡುವೆ ಕೂಡಿಕೊಂಡಿದ್ದವು. ಬಂದವರೆಲ್ಲ ರೆಪ್ಪೆಯನ್ನು ಹೊಗಳುತ್ತಿದ್ದರು, ಉಳಿದದ್ದನ್ನು ಮಾತಾಡುತ್ತಿರಲಿಲ್ಲ. ನನ್ನನ್ನು ಕಂಡರೆ ಮಾತ್ರ ಆ ಮಗು ಬ್ಯಾಗಿಗೆ ಕೈ ಹಾಕಿ ಸೀಮೆಸುಣ್ಣ ಹುಡುಕುತ್ತಿತ್ತು. ನನಗೆ ಅವಳೆಂದರೆ ಜೀವ.

ದೊಡ್ಡ ಆಸ್ಪತ್ರೆಯ ಡಾಕ್ಟರು ಮಗುವಿನ ಕೈ, ರೆಪ್ಪೆ, ಕೂಡಿದ ಹುಬ್ಬು ನೋಡಿ, ಇದು ಜೀನಿನ ತೊಂದರೆ ಇರಬಹುದು, ಮಗುವಿನ ರಕ್ತ ಪರೀಕ್ಷೆಗೆ ಕಳಿಸೋಣ ಅಂದರು. ಜೊತೆಗೆ ಒಂದು ಹಾಳೆ ಕೊಟ್ಟು, ಎರಡೂ ಕಡೆಯ ವಂಶವೃಕ್ಷ ಬರೆದು ತನ್ನಿ ಅಂದರು. ತಮ್ಮ ಅದನ್ನು ತಂದು ನನ್ನ ಮುಂದಿಟ್ಟ.

"ಅಕ್ಕ, ಇದ್ ನೀನೇ ಬರಿ. ನಂಗೆ ಚೌಕ ಯಾವ್ದ್, ವೃತ್ತ ಯಾವ್ದ್ ಅಂದೇಳಿ ಗೊತ್ತಾತ್ತಿಲ್ಲೆ."

ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ನಾನು ಇಪ್ಪತ್ತೆರಡು ವರ್ಷ ಬರೆಸಿದ್ದೇ ಅದು. ಒಂದು ಭಾನುವಾರ ಗಂಗೊಳ್ಳಿಗೆ ಹೋಗಿ ತಮ್ಮನ ಅತ್ತೆಯ ಎದುರು ಕೂತೆ. ಎಪ್ಪತ್ತು ದಾಟಿದ ಹೆಂಗಸು, ನೆನಪು ಮಾತ್ರ ಚುರುಕು. ತನ್ನ ಅಕ್ಕತಂಗಿಯರು, ತನ್ನ ಅಬ್ಬಿ, ಅಂದರೆ ತಾಯಿ, ತಾಯಿಯ ಅಕ್ಕತಂಗಿಯರು, ಅಜ್ಜಿ, ಎಲ್ಲರನ್ನೂ ಸಾಲಾಗಿ ಹೇಳಿದರು. ಯಾರು ಕುಳ್ಳು, ಯಾರ ಮಗು ಉಳಿಯಲಿಲ್ಲ, ಎಲ್ಲ. "ನನ್ನ್ ಅಬ್ಬಿದೂ ಹುಬ್ಬ್ ಕೂಡಿತ್ತ್ ಕಾಣಿ, ನನ್ನ ಮಗಳ ಹಾಂಗೇ" ಎಂದು ಅವರೇ ಹೇಳಿದರು. ನಾನು ಪೆನ್ನಿನಿಂದ ಆ ವೃತ್ತಗಳಿಗೆಲ್ಲ ಗುರುತು ಹಾಕಿದೆ.

ನಮ್ಮಲ್ಲಿ ಬಳಿ ತಾಯಿಯಿಂದ ಬರುತ್ತದೆ. ಬಳಿ ಅಂದರೆ ಕುಲ. ಮಗು ತಾಯಿಯ ಬಳಿಗೆ ಸೇರಿದ್ದು, ಅದರ ನಾಗಬನ ತಾಯಿಯ ಮೂಲದ್ದು. ತಂದೆ ಮನೆಯ ಯಜಮಾನನಾಗಿರಬಹುದು, ಮಗುವಿನ ಮೂಲ ಕೇಳಿದರೆ ಯಾರೂ ಅವನ ಕಡೆ ನೋಡುವುದಿಲ್ಲ. ಹಾಗಾಗಿ ಹಾಳೆಯ ಬಲಬದಿಯಲ್ಲಿ ತಾಯಿಯ ಕಡೆಯವರು ನಾಲ್ಕು ತಲೆಮಾರು ತುಂಬಿಕೊಂಡರು. ಎಡಬದಿಯಲ್ಲಿ ತಂದೆಯ ಕಡೆಗೆ, ಅಂದರೆ ನಮ್ಮ ಮನೆಯವರಿಗೆ, ನಾನು ಮೂರೇ ಮೂರು ಆಕೃತಿ ಹಾಕಿದೆ: ನನ್ನ ಅಪ್ಪ, ಅಮ್ಮ, ತಮ್ಮ. ನನ್ನನ್ನೂ ಹಾಕಿಕೊಳ್ಳಲಿಲ್ಲ. ಮರೆತದ್ದಲ್ಲ. ಅಲ್ಲಿ ಬರೆಯುವುದು ಇದೆ ಅಂತಲೇ ನನಗೆ ಹೊಳೆಯಲಿಲ್ಲ.

ರಕ್ತದ ವರದಿ ಬರುವ ಮೊದಲೇ ಹೊಸ್ತು ಬಂತು. ಹೊಸ ಅಕ್ಕಿಯ ಊಟಕ್ಕೆ ನೆಂಟರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಎಲೆ ಹಾಕಿ ಕೂತಾಗ ಮಗುವಿನ ಮಾತು ಬಂತು. ದೊಡ್ಡಮ್ಮ ನಿಟ್ಟುಸಿರು ಬಿಟ್ಟು, "ಮೂಲದಗೆ ಎಂತದೋ ದೋಷ ಇತ್ತ್. ನಾಗನ ಹತ್ರ ಕೇಳ್ಸ್ಕ್" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ವಿಜ್ಞಾನ ಓದಿದವಳ ಎದುರು ಇಂಥ ಮಾತೇ?

"ನಾಗನೂ ಇಲ್ಲ, ದೋಷವೂ ಇಲ್ಲ" ಅಂದೆ, ಎಲ್ಲರಿಗೂ ಕೇಳುವಂತೆ, ತರಗತಿಯ ದನಿಯಲ್ಲಿ. "ಇದು ಜೀನಿನಿಂದ ಬಂದದ್ದು. ತಾಯಿಯ ಕಡೆಯಿಂದ. ನಾನೇ ನಾಲ್ಕು ತಲೆಮಾರು ಬರೆದು ನೋಡಿದ್ದೇನೆ. ಕೂಡಿದ ಹುಬ್ಬು ಇದರ ಒಂದು ಲಕ್ಷಣ. ಇವಳ ಹುಬ್ಬು ನೋಡಿ, ಇವಳ ಅಮ್ಮನದ್ದು ನೋಡಿ, ಮುತ್ತಜ್ಜಿಯದ್ದೂ ಹಾಗೇ ಇತ್ತಂತೆ."

ತಮ್ಮನ ಹೆಂಡತಿ ಪಾಯಸ ಬಡಿಸುತ್ತಿದ್ದಳು. ಸೌಟು ನಿಲ್ಲಲಿಲ್ಲ. ಮುಂದಿನ ಎಲೆಗೆ ಬಡಿಸಿದಳು, ಅದರ ಮುಂದಿನದ್ದಕ್ಕೂ ಬಡಿಸಿದಳು. ನಾನು ಮೂಢನಂಬಿಕೆಯೊಂದನ್ನು ಓಡಿಸಿದ ಸಮಾಧಾನದಲ್ಲಿ ಊಟ ಮುಗಿಸಿದೆ.

ದೊಡ್ಡಮ್ಮನಿಗೆ ನನ್ನ ಮಾತಿನಿಂದ ಏನೂ ನಷ್ಟವಾಗಲಿಲ್ಲ. ಅವರು ಹೇಳಿದ್ದೂ ತಾಯಿಯ ಮೂಲ, ನಾನು ಹೇಳಿದ್ದೂ ತಾಯಿಯ ಮೂಲ. "ನಮ್ಮ ಟೀಚರೇ ಪುಸ್ತಕ ಕಂಡ್ ಹೇಳಿದ್" ಅಂತ ಅವರು ಕೋಟೇಶ್ವರದ ನೆಂಟರಿಗೂ ಹೇಳಿದರು, ಗಂಗೊಳ್ಳಿಗೂ ಮಾತು ಮುಟ್ಟಿಸಿದರು. ಆಮೇಲೆ ಮಗು ಎಡವಿ ಬಿದ್ದರೂ, ಅನ್ನ ಉಗುಳಿದರೂ, ಮನೆಯವರ ಕಣ್ಣು ಒಮ್ಮೆ ತಾಯಿಯ ಮುಖಕ್ಕೆ ಹೋಗಿ ಬರುತ್ತಿತ್ತು. ನನ್ನ ಕಣ್ಣೂ ಹೋಗುತ್ತಿತ್ತು. ಅವಳು ನೆಂಟರ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಎರಡನೇ ಮಗುವಿನ ಮಾತು ತಮ್ಮ ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಇದೆಲ್ಲ ಮಗುವಿನ ಚಿಂತೆ ಎಂದೇ ನಾನು ತಿಳಿದಿದ್ದೆ.

ಒಂದು ದಿನ ಕಾಲೇಜಿನಿಂದ ಬಂದಾಗ ಅವಳ ಮುಖದಲ್ಲಿ ಏನೋ ಬೇರೆ ಕಂಡಿತು. ಹುಬ್ಬಿನ ನಡುವೆ ಖಾಲಿ ಜಾಗ. ಮದುವೆಯ ದಿನ ಸಹ ಪಾರ್ಲರಿಗೆ ಹೋಗದವಳು ಅವಳು.

"ಪಾರ್ಲರಿಗ್ ಹೋದ್ದಾ? ಚಂದ ಕಾಂತ್" ಅಂದೆ.

"ಹ್ಞಾಂ ಅತ್ಗಿ" ಅಂದಳು, ಪಾತ್ರೆ ತೊಳೆಯಲು ಹೋದಳು. ನಾನು ಚಾ ಕುಡಿದೆ.

ಮಗುವಿನ ವರದಿ ಬಂದಾಗ ಅದನ್ನು ಓದಿದ್ದು ನಾನೇ. ಒಂದೇ ಒಂದು ಜೀನಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಆ ಜೀನಿನ ಪ್ರೊಟೀನಿನ ಕೆಲಸ ಏನೆಂದು ಕಂಡಾಗ ಮತ್ತೊಮ್ಮೆ ಮೊದಲಿನಿಂದ ಓದಿದೆ. ಡಿಎನ್‌ಎ ದಾರ ಮಡಚಿ ಕುಣಿಕೆಯಾಗುವಾಗ ಅದನ್ನು ಹಿಡಿದಿಡುವ ಉಂಗುರವೊಂದು ಇದೆ. ಅದೂ ಪ್ರೊಟೀನುಗಳ ಜೋಡಣೆಯೇ. ಆ ಉಂಗುರ ತಾನಾಗಿ ದಾರಕ್ಕೆ ಸರಿಯಾಗಿ ಏರುವುದಿಲ್ಲ, ಏರಿಸಲು ಇನ್ನೊಂದು ಪ್ರೊಟೀನ್ ಬೇಕು. ನಮ್ಮ ಮಗುವಿನಲ್ಲಿ ಕೆಟ್ಟದ್ದು ಆ ಏರಿಸುವ ಪ್ರೊಟೀನಿನ ಜೀನ್. ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತದಲ್ಲ, ಒಂದು ಸರಿಯಿದೆ, ಒಂದು ಇಲ್ಲ. ಹಾಗಾಗಿ ಆ ಪ್ರೊಟೀನ್ ಬೇಕಾದಷ್ಟು ಸಿಗುವುದಿಲ್ಲ, ಉಂಗುರ ಎಷ್ಟು ಏರಬೇಕೋ ಅಷ್ಟು ಏರುವುದಿಲ್ಲ, ಕುಣಿಕೆಗಳು ಸಡಿಲ. ಯಾವ ಜೀನೂ ಪೂರ್ತಿ ಮೂಕವಾಗುವುದಿಲ್ಲ. ಆದರೆ ನೂರಾರು ಜೀನುಗಳು ಸ್ವಲ್ಪ ಕಡಿಮೆ, ಕೆಲವು ಸ್ವಲ್ಪ ಹೆಚ್ಚು. ಹೊಟ್ಟೆಯಲ್ಲಿ ಕೈಬೆರಳು, ಮುಖ, ಮಿದುಳು ಕಟ್ಟುವ ಹೊತ್ತಿನಲ್ಲಿ ಆ ಸ್ವಲ್ಪವೇ ದೊಡ್ಡದಾಗುತ್ತದೆ. ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆದ ಕುಣಿಕೆ ನಮ್ಮ ಮನೆಯ ಚಾಪೆಯ ಮೇಲೆ ಕೂತು ಸೀಮೆಸುಣ್ಣ ಕಚ್ಚುತ್ತಿತ್ತು. ಆ ದಿನ ನನಗೆ ಅಳು ಬಂತು.

ತಂದೆತಾಯಿಯ ರಕ್ತವನ್ನೂ ನೋಡಬೇಕು ಎಂದು ಆಸ್ಪತ್ರೆಯವರು ಹೇಳಿದರು. ತಮ್ಮ ಕಡಲಿಗೆ ಹೋದರೆ ಎಂಟು ಹತ್ತು ದಿನ ಬರುವುದಿಲ್ಲ, ಬಂದರೆ ನಿದ್ದೆ. ಮಳೆಗಾಲಕ್ಕೆ ಬೋಟು ನಿಂತ ಮೇಲೆಯೇ ಇಬ್ಬರೂ ಹೋಗಿ ರಕ್ತ ಕೊಟ್ಟದ್ದು. ಫಲಿತಾಂಶದ ದಿನ ತಮ್ಮನ ಹೆಂಡತಿ ಬರುವುದಿಲ್ಲ ಅಂದಳು. "ನಂಗೆ ಗೊತ್ತಿತ್ತಲೆ" ಅಂದಳು. ತಮ್ಮನ ಜೊತೆ ನಾನು ಹೋದೆ.

ಅಲ್ಲಿದ್ದದ್ದು ಘಟ್ಟದ ಮೇಲಿನ ಕಡೆಯ ಚಿಕ್ಕ ವಯಸ್ಸಿನ ಡಾಕ್ಟರು, ನನ್ನ ಹಳೆಯ ವಿದ್ಯಾರ್ಥಿನಿಯರ ಪ್ರಾಯದವರು. ವರದಿಯನ್ನು ನಮ್ಮ ಕಡೆಗೆ ತಿರುಗಿಸಿ ಹೇಳಿದರು: "ಈ ಬದಲಾವಣೆ ತಾಯಿಯಲ್ಲೂ ಇಲ್ಲ, ತಂದೆಯಲ್ಲೂ ಇಲ್ಲ. ಮಗುವಿನಲ್ಲಿ ಹೊಸದಾಗಿ ಆದದ್ದು. ಇಂಥವು ಹೆಚ್ಚಿನ ಪಾಲು ಹೀಗೇ ಆಗುತ್ತವೆ. ಮುಂದಿನ ಮಗುವಿಗೆ ಬರುವ ಸಣ್ಣ ಸಾಧ್ಯತೆ ಉಳಿದಿರುತ್ತದೆ, ಅದನ್ನು ಆಗ ಪರೀಕ್ಷೆ ಮಾಡಬಹುದು."

ಆಮೇಲೆ ನನ್ನ ವಂಶವೃಕ್ಷದ ಹಾಳೆ ತೆಗೆದು ಸ್ವಲ್ಪ ಹೊತ್ತು ನೋಡಿದರು.

"ಇದನ್ನು ಯಾರು ಬರೆದದ್ದು? ಬಹಳ ಅಚ್ಚುಕಟ್ಟಾಗಿದೆ. ಆದರೆ ತಂದೆಯ ಕಡೆ ಯಾಕೆ ಖಾಲಿ?"

"ನಮ್ಮಲ್ಲಿ ಹಾಗೇ" ಅಂದೆ. ಹೇಳುವಾಗಲೇ ಕಿವಿ ಬಿಸಿಯಾಯಿತು.

"ಹುಬ್ಬಿಗೆ ಗುರುತು ಹಾಕಿದ್ದೀರಿ. ಕೂಡುಹುಬ್ಬು ಎಷ್ಟೋ ಜನರಿಗೆ ಇರುತ್ತದೆ. ಅದೊಂದರಿಂದ ಏನೂ ಹೇಳಲಿಕ್ಕಾಗುವುದಿಲ್ಲ. ನಿಮ್ಮ ಕಡೆ ಯಾರಿಗೂ ಇಲ್ಲವಾ?"

ತಮ್ಮ ನಗುತ್ತಾ, "ನಮ್ಮ್ ಸೋದರಮಾವಂಗೆ ಇತ್ತಲೆ. ಅಕ್ಕ, ಅವ್ರನ್ ಬರಿಲಿಲ್ಯಾ?" ಅಂದ.

ನನ್ನನ್ನು ಎತ್ತಿ ಆಡಿಸಿದ ಮಾವ. ಅವರ ಹುಬ್ಬು ಸೇರಿದ್ದ ಜಾಗವನ್ನು ನಾನು ಸಣ್ಣವಳಿದ್ದಾಗ ಬೆರಳಿನಿಂದ ತೀಡುತ್ತಿದ್ದೆ. ಅವರ ಹೆಸರೇ ಹಾಳೆಯಲ್ಲಿ ಇರಲಿಲ್ಲ. ಒಂದು ಕಡೆ ಮಾತ್ರ ಹುಡುಕಿದರೆ ಸಿಗುವುದು ಆ ಕಡೆ ಮಾತ್ರ ಎಂದು ಪ್ರಾಯೋಗಿಕ ತರಗತಿಯಲ್ಲಿ ಮಕ್ಕಳಿಗೆ ಬೈಯುವವಳು ನಾನು. ನಾಗಬನದ ದಾರಿ ಹಿಡಿದೇ ಹೋಗಿ, ಜೀನ್ ಸಿಕ್ಕಿತು ಅಂತ ಕೂಗಿದ್ದೆ. ನಾಚಿಕೆಯಾಯಿತು.

ಮನೆಗೆ ಬಂದವಳೇ ಅಡುಗೆಮನೆಗೆ ಹೋದೆ. ಅವಳು ಬಂಗುಡೆ ಕೊಯ್ಯುತ್ತಿದ್ದಳು. ಎಲ್ಲ ಹೇಳಿದೆ. ನಿನ್ನಲ್ಲಿ ಇಲ್ಲ, ನಿನ್ನ ಅಮ್ಮನ ಕಡೆಯಲ್ಲೂ ಇಲ್ಲ, ನಾನು ಹೇಳಿದ್ದು ತಪ್ಪು, ನನ್ನನ್ನು ಕ್ಷಮಿಸು ಅಂದೆ. ಅವಳು ಕತ್ತಿಯಿಂದ ಕೈ ತೆಗೆಯಲಿಲ್ಲ. ಮೀನು ತೊಳೆದಳು, ಉಪ್ಪು ಹಚ್ಚಿದಳು, ಮುಚ್ಚಿಟ್ಟಳು. ಆಮೇಲೆ ನನ್ನ ಮುಖ ನೋಡಿದಳು.

"ಅತ್ಗಿ, ಅವತ್ತ್ ಹೇಳಿದ್ ಎಲ್ಲರ್ ಎದ್ರಿಗೆ. ಇವತ್ತ್ ಅಡ್ಗಿಮನಿಯಗೆ ಬಂದ್ ಹೇಳ್ತ್ರಿ."

ಹತ್ತು ತಿಂಗಳಲ್ಲಿ ಅವಳು ನನಗೆ ಹೇಳಿದ ಅತಿ ಉದ್ದದ ಮಾತು ಅದು. ಅವಳು ಹೇಳಿದ್ದು ಸರಿಯಿತ್ತು.

ಮರುದಿನ ಭಾನುವಾರ. ಹೊಸ್ತಿನ ಊಟಕ್ಕೆ ಬಂದವರನ್ನೆಲ್ಲ ಫೋನು ಮಾಡಿ ಊಟಕ್ಕೆ ಕರೆದೆ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಎಲ್ಲರೂ ಕೂತ ಮೇಲೆ ನಾನು ನಿಂತುಕೊಂಡೇ ಹೇಳಿದೆ. ತಾಯಿಯ ಕಡೆಯಿಂದ ಬಂತು ಅಂದದ್ದು ತಪ್ಪು, ಪರೀಕ್ಷೆ ಮಾಡದೆ ಬಾಯಿಗೆ ಬಂದದ್ದು ಹೇಳಿದೆ ಅಂದೆ.

ದೊಡ್ಡಮ್ಮನ ತುತ್ತು ಅರ್ಧದಲ್ಲಿ ನಿಂತಿತು. "ಹಾಂಗಾರೆ ಎಲ್ಲಿಂದ ಬಂತ್?"

"ಎಲ್ಲಿಂದಲೂ ಬರಲಿಲ್ಲ ದೊಡ್ಡಮ್ಮ. ಮಗು ಆಗುವಾಗ ಕೋಟಿಗಟ್ಟಲೆ ಅಕ್ಷರ ನಕಲಾಗಬೇಕು. ಒಂದು ತಪ್ಪಿತು."

"ಯಾರ್ ತಪ್ಪಿದ್?"

"ಯಾರೂ ಅಲ್ಲ."

"ಯಾರೂ ಮಾಡ್ದೆ ತಪ್ಪ್ ಆತ್ತಾ?"

"ಅದು ಹಾಗೇ ಆಗುವುದು. ಹೊಸ್ತಿನ ದಿವಸದ ತಪ್ಪು ಮಾತ್ರ ಮಾಡಿದವರಿದ್ದಾರೆ. ಅದು ನಾನು."

ದೊಡ್ಡಮ್ಮ ನನ್ನನ್ನು ದಿಟ್ಟಿಸಿದರು. ನಾನು ತಪ್ಪೊಪ್ಪಿಕೊಂಡದ್ದನ್ನು ಅವರು ಅದುವರೆಗೆ ಕಂಡಿರಲಿಲ್ಲ. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿ, "ನೀನೂ ಕೂಕೊ ಹೆಣ್ಣೇ, ನಾವೇ ಬಡಿಸ್ಕಂತೊ" ಅಂದರು. ಅದು ಅವರ ಮಟ್ಟಿಗೆ ದೊಡ್ಡ ಮಾತು.

ನನ್ನ ಕೆಲಸ ಮುಗಿಯಿತು ಎಂದು ನಾನು ತಿಳಿದೆ. ಊಟವಾಗಿ ಎಲ್ಲರೂ ಹೋದ ಮೇಲೆ ಅವಳು ಮಗುವನ್ನು ಎತ್ತಿಕೊಂಡು, ಸೀರೆ ಬದಲಿಸಿ ಹೊರಗೆ ಬಂದಳು.

"ಅಬ್ಬಿಗೆ ಯಾರ್ ಹೇಳೂದ್? ಹೋಪ ಅತ್ಗಿ."

ಮಳೆಗಾಲದಲ್ಲಿ ಕುಂದಾಪುರದಿಂದ ಹೊಳೆ ದಾಟುವ ದೋಣಿಯನ್ನು ನಂಬುವ ಹಾಗಿಲ್ಲ. ತ್ರಾಸಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮಗು ನನ್ನ ತೊಡೆಯ ಮೇಲೆ ಇತ್ತು. ಗಂಗೊಳ್ಳಿಯ ಮನೆಯಲ್ಲಿ ಮುದುಕಿ ಒಬ್ಬರೇ ಇದ್ದರು. ನನ್ನನ್ನು ಕಂಡು, "ಕೂಕಣಿ" ಅಂದರು, ಅಷ್ಟೇ. ಹಿಂದಿನ ಸಲ ಕೊಟ್ಟ ಮರ್ಯಾದೆಯಲ್ಲಿ ಕಡಿಮೆ ಇರಲಿಲ್ಲ, ನಗು ಮಾತ್ರ ಇರಲಿಲ್ಲ. ನಾನು ಈ ಸಲ ಪಾಠ ಮಾಡಲಿಲ್ಲ. ಪ್ರೊಟೀನ್, ಉಂಗುರ, ಕುಣಿಕೆ ಯಾವುದನ್ನೂ ತೆಗೆಯಲಿಲ್ಲ. ನಿಮ್ಮ ಮಗಳ ರಕ್ತದಲ್ಲಿ ಆ ತೊಂದರೆ ಇಲ್ಲ, ನಿಮ್ಮ ಕಡೆಯಿಂದ ಬಂದದ್ದಲ್ಲ, ನಾನು ಸುಳ್ಳು ಹೇಳಿದ ಹಾಗಾಯಿತು ಅಂದೆ.

ಅವರು ಮಗಳ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಆಮೇಲೆ ಎದ್ದು ಒಳಗೆ ನಡೆದರು. "ಬನ್ನಿ" ಅಂದರು. ಒಳಕೋಣೆಯ ಗೋಡೆಯ ಮೇಲೆ ಒಂದು ಹಳೆಯ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ ತೂಗುಹಾಕಿದ್ದರು. ಕಾಣುತ್ತಿದ್ದದ್ದು ಅದರ ಹಿಂಬದಿಯ ರಟ್ಟು.

"ಇದ್ ನನ್ನ್ ಅಬ್ಬಿ" ಅಂದರು. "ನಿನ್ನಿಂದ್ಲೇ ನನ್ನ್ ಮೊಮ್ಮಗಳಿಗೆ ಹೀಂಗಾಯ್ತ್ ಅಂದೇಳಿ, ಹತ್ತ್ ತಿಂಗಳಿಂದ ದಿನಾ ಬೈತಾ ಇದ್ದೆ ಮಗಾ. ದೀಪ ಇಟ್ಟಿಲ್ಲೆ."

ಸೆರಗಿನಿಂದ ಚೌಕಟ್ಟಿನ ಧೂಳು ಒರೆಸಿ ಫೋಟೋವನ್ನು ಈಚೆಗೆ ತಿರುಗಿಸಿದರು. ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

"ನಾನ್ ಹೇಳ್ರೆ ನಂಬೂದಿಲ್ಲೆ ಅಬ್ಬಿ. ನೀವೇ ಹೇಳಿ."

ಸತ್ತವರು ಕೇಳುತ್ತಾರೆ ಎಂದು ನಾನು ನಂಬುವವಳಲ್ಲ. ಚಪ್ಪಲಿ ಬಿಟ್ಟಿದ್ದೆನೋ ಇಲ್ಲವೋ ಎಂದು ಒಮ್ಮೆ ಕಾಲು ನೋಡಿಕೊಂಡೆ. ಹಿಂದೆ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ನಾನು ಫೋಟೋದ ಎದುರು ನಿಂತು, ಗಟ್ಟಿಯಾಗಿ, ಮೊದಲಿನಿಂದ ಹೇಳಲು ಶುರುಮಾಡಿದೆ.